ಹಗ್ಗದ ಕೇರಿಯೂ ಊರ ಕೆರೆಯೂ

“ಅಯ್ಯನವರೇ, ನೀರು ಕೆಟ್ಟಾಗ ನೀರನ್ನು ಅರಿತರೆ ಸಾಲದೇ? ಜನರನ್ನೂ ಏಕೆ ಅರಿಯಬೇಕು?”

ಈ ಪ್ರಶ್ನೆಯನ್ನು ಶಿಷ್ಯ ಅಡವಯ್ಯ ಮಠದ ಗುರುಗಳನ್ನು ನಿಂತುಕೊಂಡೇ ಕೇಳಿದ. ಕುಳಿತು ಕೇಳುವಷ್ಟು ಪುರುಸೊತ್ತು ಅವನಿಗೆ ಇರಲಿಲ್ಲ. ಕೈಯಲ್ಲಿ ಒಂದು ಕಾಗದವಿತ್ತು. ಅದನ್ನು ಅವನೇ ಬರೆದಿದ್ದ, ಕೊನೆಯಲ್ಲಿ ಗುರುಗಳ ಮುದ್ರೆಗೆ ಜಾಗ ಬಿಟ್ಟಿದ್ದ. ಮುದ್ರೆ ಬಿದ್ದರೆ ಬಣ್ಣಗಾರರ ಕೇರಿಯ ಇಪ್ಪತ್ತೆರಡು ಮನೆಗಳು ಬರುವ ಅಮಾವಾಸ್ಯೆಯೊಳಗೆ ಮಠದ ಸೀಮೆ ಬಿಟ್ಟು ಹೋಗಬೇಕು. ಕಾಗದ ಒಯ್ಯಲು ಊರಿನ ಇಬ್ಬರು ಹಿರಿಯರು ಬೆಳಿಗ್ಗೆಯಿಂದ ಮಠದ ಬಾಗಿಲಲ್ಲಿ ಕಾಯುತ್ತಿದ್ದರು.

ಸಂಗತಿ ಹೀಗಿತ್ತು. ಮಠದ ಮಗ್ಗುಲಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಮಠಕ್ಕೂ ಊರಿಗೂ ಕುಡಿಯಲು ಅದೇ ನೀರು. ಹಳ್ಳದ ಮೇಲ್ಗಡೆ ಬಣ್ಣಗಾರರು ನೂಲಿಗೆ ನೀಲಿ ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಬಾನಿಗಳಲ್ಲಿ ಉಳಿದ ಸುಣ್ಣದ ನೀರನ್ನು ಹಳ್ಳಕ್ಕೆ ಚೆಲ್ಲುತ್ತಿದ್ದರು. ಹಳ್ಳ ಸ್ವಲ್ಪ ಸ್ವಲ್ಪವೇ ಕೆಡುತ್ತ ಬಂದಿತ್ತು, ಆ ಬೇಸಿಗೆಯಲ್ಲಿ ಪೂರ್ತಿ ಕೆಟ್ಟಿತು. ಹದಿನಾಲ್ಕು ಜನ ವಾಂತಿಭೇದಿಯಿಂದ ಮಲಗಿದರು, ಹದಿಮೂರು ಜನ ಎದ್ದರು. ಏಳದೆ ಹೋದವಳು ಮಠದಲ್ಲಿ ಅಡುಗೆ ಮಾಡುತ್ತಿದ್ದ ಗುರುಸಿದ್ದಮ್ಮ. ಅಡವಯ್ಯ ಮಠಕ್ಕೆ ಬಂದ ದಿನದಿಂದ ಹನ್ನೆರಡು ವರ್ಷ ಆಕೆ ಬಡಿಸಿದ್ದನ್ನೇ ಉಂಡವನು. ಅವನಿಗೆ ದುಃಖವಿತ್ತು. ದುಃಖಕ್ಕಿಂತ ಸಿಟ್ಟು ಹೆಚ್ಚಾಗಿತ್ತು.

ಸಿಟ್ಟು ಬಂದರೂ ಅವನು ಬಾಯಿಗೆ ಬಂದಂತೆ ಮಾತಾಡುವ ಜಾತಿಯಲ್ಲ. ಏಳು ಸಲ ಹಳ್ಳದುದ್ದಕ್ಕೂ ನಡೆದ. ಕೇರಿಯ ಮೇಲಿನ ನೀರನ್ನು ಒಂದು ಮಡಕೆಯಲ್ಲಿ, ಕೆಳಗಿನದನ್ನು ಇನ್ನೊಂದರಲ್ಲಿ ತಂದ. ಎರಡರಲ್ಲೂ ಹುರುಳಿ ನೆನೆಹಾಕಿದ. ಮೇಲಿನ ನೀರಿನ ಹುರುಳಿ ಮೊಳೆಯಿತು, ಕೆಳಗಿನದು ಹಾಗೇ ಕೊಳೆಯಿತು. ಎರಡರಲ್ಲೂ ಮೀನಿನ ಮರಿಗಳನ್ನು ಬಿಟ್ಟು ನೋಡಿದ. ಕೆಳಗಿನ ನೀರಿನವು ಮಧ್ಯಾಹ್ನದೊಳಗೆ ಸತ್ತವು. ಇಷ್ಟಾದ ಮೇಲೆ ಕಾಗದ ಬರೆದು ಗುರುಗಳ ಬಳಿಗೆ ಹೋದರೆ ಅವರು ಎಲ್ಲವನ್ನೂ ಕೇಳಿಸಿಕೊಂಡು, ನೀರನ್ನು ಅರಿತೆ, ಸಂತೋಷ, ಜನರನ್ನೂ ಅರಿತೆಯಾ ಎಂದಷ್ಟೇ ಕೇಳಿದರು. ಆ ಮಾತು ಅಡವಯ್ಯನಿಗೆ ರುಚಿಸಲಿಲ್ಲ. ಸುಣ್ಣದ ನೀರಿಗೆ ಕುಲಗೋತ್ರ ಉಂಟೇ ಎಂದು ಎರಡು ದಿನ ಒಳಗೊಳಗೇ ಕುದಿದ. ಮೂರನೆಯ ದಿನ ಬಂದು ಕೇಳಿದ ಪ್ರಶ್ನೆ ಇದು.

ಅಯ್ಯನವರು ಮುತ್ತುಗದ ಎಲೆಗಳನ್ನು ಕಡ್ಡಿ ಚುಚ್ಚಿ ಊಟದ ಎಲೆ ಹಚ್ಚುತ್ತಿದ್ದರು. ಮಠದ ಊಟಕ್ಕೆ ದಿನವೂ ನಲವತ್ತು ಎಲೆ ಬೇಕು. ಗುರುಸಿದ್ದಮ್ಮ ಹೋದ ಮೇಲೆ ಆ ಕೆಲಸವನ್ನು ಅವರೇ ಹಿಡಿದಿದ್ದರು, ಯಾರು ಕೇಳಿದರೂ ಬಿಟ್ಟುಕೊಟ್ಟಿರಲಿಲ್ಲ. ಕಡ್ಡಿಗಳ ಕಟ್ಟನ್ನು ಶಿಷ್ಯನ ಕಡೆಗೆ ತಳ್ಳಿ, ಕುಳಿತುಕೋ, ಕೈಗೆ ಕೆಲಸ ಸಿಕ್ಕರೆ ಕಾಲು ತಾನಾಗಿ ನಿಲ್ಲುತ್ತದೆ ಎಂದರು. ಅಡವಯ್ಯ ಕುಳಿತ, ಆದರೆ ಒಂದು ಮೊಣಕಾಲು ಎತ್ತಿಕೊಂಡೇ ಕುಳಿತ. ಅವನ ಕೈಯಲ್ಲಿ ಮೊದಲನೆಯ ಕಡ್ಡಿ ಮುರಿಯಿತು, ಎರಡನೆಯದೂ ಮುರಿಯಿತು. ಅಯ್ಯನವರು ಅದನ್ನು ನೋಡಿಯೂ ನೋಡದವರಂತೆ ಕತೆ ಶುರುಮಾಡಿದರು.

ಒಂದು ಸೀಮೆಯಲ್ಲಿ ನೀರು ಬಲ್ಲವನೊಬ್ಬನಿದ್ದ. ಅವನಿಗೆ ಹೆಸರು ಬೇಡ. ಹೆಸರಿಟ್ಟರೆ ತಪ್ಪನ್ನೆಲ್ಲ ಅವನ ಹೆಸರಿಗೆ ಹಚ್ಚಿ ನಾವು ಕೈ ತೊಳೆದುಕೊಳ್ಳುತ್ತೇವೆ. ಬೊಗಸೆ ನೀರು ಬಾಯಿಗೆ ಹಾಕಿಕೊಂಡರೆ ಅದು ಯಾವ ಕಲ್ಲಿನ ಮೇಲೆ ಹರಿದು ಬಂತು, ಯಾವ ಮಣ್ಣಿನಲ್ಲಿ ನಿಂತಿತ್ತು ಎಂದು ಅವನು ಹೇಳುತ್ತಿದ್ದ. ಹೇಳಿದ್ದು ಸುಳ್ಳಾಗುತ್ತಿರಲಿಲ್ಲ. ಅದರಿಂದ ಅವನಿಗೆ ಸ್ವಲ್ಪ ಜಂಬವೂ ಇತ್ತು. ನೀರು ಬಿಟ್ಟು ಬೇರೆ ಮಾತು ಬಂದರೆ ಅವನು ಆಕಳಿಸುತ್ತಿದ್ದ.

ಅವನನ್ನು ಒಂದು ಊರಿನ ಗೌಡ ಕರೆಸಿಕೊಂಡ. ಊರಿಗೆ ಇದ್ದದ್ದು ಒಂದೇ ಕೆರೆ. ವರ್ಷಾವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಕೆರೆಯ ನೀರು ಕಪ್ಪಾಗುತ್ತಿತ್ತು, ನಾರುತ್ತಿತ್ತು, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅದನ್ನೇ ಕುಡಿದ ಜನ ಒಂದು ತಿಂಗಳು ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದರು. ಗೌಡನ ಒಬ್ಬ ಸೊಸೆ ಹಾಗೆಯೇ ತೀರಿಕೊಂಡಿದ್ದಳು.

ಗೌಡ ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಅವನನ್ನು ಕೆಟ್ಟವನನ್ನಾಗಿ ಮಾಡಿಕೊಂಡು ಕತೆಯನ್ನು ಹಗುರ ಮಾಡಿಕೊಳ್ಳಬೇಡ. ಊರ ಬಾಧೆಗೆ ಅವನು ನಿಜವಾಗಿ ನೊಂದಿದ್ದ. ಬಂದವನಿಗೆ ತನ್ನ ಮನೆಯಲ್ಲೇ ಇಳಿದುಕೊಳ್ಳಲು ಜಾಗ ಕೊಟ್ಟ, ತಾನೇ ನಿಂತು ಬಡಿಸಿದ. ಅವನ ಮನೆಯ ಕೆಂಪಕ್ಕಿ ಅನ್ನ ಬಹಳ ರುಚಿಯಾಗಿತ್ತು. ನೀರು ಬಲ್ಲವನು ಸಾರನ್ನು ಬದಿಗೆ ಸರಿಸಿ ಬರಿಯ ಅನ್ನವನ್ನೇ ಎರಡು ಸಲ ಹಾಕಿಸಿಕೊಂಡು, ಇದು ಯಾವ ಗದ್ದೆಯದು ಎಂದು ವಿಚಾರಿಸಿದ. ಕೆರೆ ಏರಿಯ ಕೆಳಗಿನ ಗದ್ದೆ, ನಮ್ಮ ತಾತ ಮಾಡಿಸಿದ್ದು ಎಂದು ಗೌಡ ಹೇಳಿದ. ಅವನು ತಲೆದೂಗಿ ಕೈ ತೊಳೆದ.

ಕೆರೆಯ ತಲೆಯಲ್ಲಿ, ಬೆಟ್ಟದ ಕಾಲುವೆ ಬಂದು ಕೆರೆಗೆ ಬೀಳುವ ಕಡೆ, ಮೂವತ್ತು ಮನೆಗಳ ಒಂದು ಕೇರಿಯಿತ್ತು. ಅದನ್ನು ಹಗ್ಗದ ಕೇರಿ ಎನ್ನುತ್ತಿದ್ದರು. ಅವರು ಸೆಣಬು ತಂದು, ಹೊರೆ ಕಟ್ಟಿ, ಮೇಲೆ ಕೆಸರೂ ಕಲ್ಲೂ ಹೇರಿ ಹದಿನೈದು ದಿನ ನೀರಿನಲ್ಲಿ ಮುಳುಗಿಸಿಡುತ್ತಿದ್ದರು. ಕೊಳೆತ ಮೇಲೆ ನಾರು ಸುಲಿದು ತೊಳೆದು ಹಗ್ಗ ಹೊಸೆಯುತ್ತಿದ್ದರು. ಸುತ್ತಲಿನ ಹತ್ತು ಹಳ್ಳಿಯ ಎತ್ತಿನ ಕಣ್ಣಿ, ಬಾವಿಯ ಹಗ್ಗ, ತೊಟ್ಟಿಲಿನ ಹಗ್ಗ ಎಲ್ಲವೂ ಅವರ ಕೈಯದೇ.

ನೀರು ಬಲ್ಲವನು ಎರಡು ದೊಡ್ಡ ಬೋಗುಣಿ ತರಿಸಿದ. ಎರಡಕ್ಕೂ ಬೆಟ್ಟದ ಕಾಲುವೆಯ ತಿಳಿನೀರು ತುಂಬಿ ಐದೈದು ಮೀನು ಬಿಟ್ಟ. ಒಂದರಲ್ಲಿ ಮಾತ್ರ ಒಂದು ಹಿಡಿ ಹಸಿ ಸೆಣಬು ಮುಳುಗಿಸಿದ. ನಾಲ್ಕು ದಿನಕ್ಕೆ ಆ ನೀರು ಕಪ್ಪಾಯಿತು, ಮೀನುಗಳು ಬಾಯಿ ಮೇಲೆ ಮಾಡಿ ಗಾಳಿಗಾಗಿ ತಡಕಾಡಿ ಸತ್ತವು. ಇನ್ನೊಂದರ ಮೀನುಗಳು ಆರಾಮಾಗಿ ಈಜುತ್ತಿದ್ದವು. ಊರವರೆಲ್ಲ ಸುತ್ತ ನಿಂತು ಇದನ್ನು ಕಣ್ಣಾರೆ ಕಂಡರು. ಕೊಳೆಯುವ ನಾರು ನೀರಿನ ಉಸಿರನ್ನು ತಿಂದುಬಿಡುತ್ತದೆ ಎಂದು ಅವನು ಬಿಡಿಸಿ ಹೇಳಿದ. ಕೆರೆಗೆ ಸೆಣಬು ಇಳಿಸಬಾರದೆಂದು ಗೌಡ ಅವತ್ತೇ ಡಂಗುರ ಹೊಡೆಸಿದ.

ಹಗ್ಗದವರು ಜಗಳಕ್ಕೆ ಬರಲಿಲ್ಲ. ಅವರೊಳಗಿನ ಒಬ್ಬ ಹಿರಿಯ ಬಂದು, ಹಾಗಾದರೆ ಸೆಣಬನ್ನು ಎಲ್ಲಿ ನೆನೆಹಾಕುವುದು ಎಂದು ಕೇಳಿದ. ಅದು ನನ್ನ ವಿದ್ಯೆಗೆ ಸೇರಿದ ಪ್ರಶ್ನೆಯಲ್ಲ ಎಂದು ನೀರು ಬಲ್ಲವನು ಹೇಳಿದ. ನೋಡೋಣ ಎಂದು ಗೌಡ ಹೇಳಿದ. ನೋಡೋಣ ಎಂದರೆ ಏನೆಂದು ಹಿರಿಯನಿಗೆ ಗೊತ್ತಿತ್ತು. ಎಂಟು ದಿನಗಳಲ್ಲಿ ಕೇರಿಯವರು ಹಗ್ಗದ ರಾಟೆಗಳನ್ನು ಗಾಡಿಗೆ ಹೇರಿಕೊಂಡು ಬೇರೆ ಸೀಮೆಗೆ ಹೊರಟುಹೋದರು. ಒಬ್ಬಳು ಮುದುಕಿ ಮಾತ್ರ ಉಳಿದಳು. ಅವಳ ಮಗಳು ಎಷ್ಟು ಕರೆದರೂ ಅವಳು ಏಳಲಿಲ್ಲ.

ಆ ವರ್ಷ ಕೆರೆಯ ನೀರು ತಿಳಿಯಾಗಿಯೇ ಇತ್ತು. ಮೀನು ನೆಗೆದವು. ಯಾರಿಗೂ ಹೊಟ್ಟೆನೋವು ಬರಲಿಲ್ಲ. ಊರವರು ನೀರು ಬಲ್ಲವನಿಗೆ ಶಾಲು ಹೊದಿಸಿ ಕಳಿಸಿಕೊಟ್ಟರು.

“ಸರಿಯಾಗಿಯೇ ಮಾಡಿದನಲ್ಲ” ಎಂದ ಅಡವಯ್ಯ. ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ಕಾಗದದ ಕಡೆ ನೋಡಿದ.

ಅಯ್ಯನವರು ಹೌದು ಎಂದರು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂದರು. ಬಾಗಿಲಲ್ಲಿ ಕಾಯುತ್ತಿದ್ದವರಲ್ಲಿ ಒಬ್ಬ ಕೆಮ್ಮಿ ತಾನಿರುವುದನ್ನು ನೆನಪಿಸಿದ. ಅಡವಯ್ಯ ಏಳಲು ಹೊರಟ. ಅಯ್ಯನವರು ಅವನ ಮುಂದೆ ಇನ್ನೊಂದು ಹಿಡಿ ಎಲೆ ಹಾಕಿ ಕತೆ ಮುಂದುವರಿಸಿದರು.

ಎರಡನೆಯ ವರ್ಷ ಕೆರೆ ಕೋಡಿ ಬೀಳಲಿಲ್ಲ. ಮಳೆ ಚೆನ್ನಾಗಿಯೇ ಬಂದಿತ್ತು, ಆದರೂ ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮೂರನೆಯ ವರ್ಷ ಕೆರೆ ಅರ್ಧಕ್ಕೆ ನಿಂತಿತು. ನಾಲ್ಕನೆಯ ವರ್ಷ ಮೊಣಕಾಲುದ್ದ ನೀರು, ಅದರ ಮೇಲೆ ಹಸಿರು ಪಾಚಿ. ಸೆಣಬಿನ ಕಾಲದಲ್ಲಿ ಒಂದು ತಿಂಗಳು ಇರುತ್ತಿದ್ದ ಹೊಟ್ಟೆಬೇನೆ ಈಗ ಆರು ತಿಂಗಳು ಹಿಡಿಯಿತು. ಗೌಡ ಮತ್ತೆ ನೀರು ಬಲ್ಲವನನ್ನು ಕರೆಸಿದ.

ಅವನು ಮತ್ತೆ ಬೋಗುಣಿ ಇಟ್ಟ, ಮತ್ತೆ ಮೀನು ಬಿಟ್ಟ, ನೀರನ್ನು ಕಾಯಿಸಿ ನೋಡಿದ, ಆರಿಸಿ ನೋಡಿದ. ನೀರಿಗೆ ಬೇರೆ ಏನೂ ಸೇರಿರಲಿಲ್ಲ. ನೀರು ಕಡಿಮೆಯಿತ್ತು, ನಿಂತಲ್ಲೇ ನಿಂತಿತ್ತು, ಅಷ್ಟೇ. ಅವನಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ತನ್ನ ವಿದ್ಯೆ ಸೋತಿಲ್ಲ, ಆದರೂ ಊರು ಸೋತಿದೆ. ಇದು ಅವನಿಗೆ ಹೊಸದು. ಊಟದ ನಡುವೆ ಎದ್ದು ಹೋಗಿ ಕೆರೆ ನೋಡಿ ಬರುತ್ತಿದ್ದ. ಕೊನೆಗೆ ಬೆಟ್ಟದ ಕಾಲುವೆ ಹಿಡಿದು ಮೇಲಕ್ಕೆ ನಡೆದ. ಕಾಲುವೆ ಎಲ್ಲಿದೆ? ಎರಡು ಆಳೆತ್ತರ ಜೊಂಡು ಬೆಳೆದು, ಹೂಳು ತುಂಬಿ, ಕಾಲುವೆ ಇದ್ದ ಗುರುತೇ ಇರಲಿಲ್ಲ. ಬೆಟ್ಟದ ನೀರೆಲ್ಲ ಬದಿಗೆ ಹೊರಳಿ ಹಾಳುಬಯಲಿಗೆ ಹರಿದುಹೋಗಿತ್ತು.

ಊರಿಗೆ ಬಂದು, ಈ ಕಾಲುವೆಯನ್ನು ಮೊದಲು ಯಾರು ಹಸನು ಮಾಡುತ್ತಿದ್ದರು ಎಂದು ಕೇಳಿದ. ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಲುವೆ ತನ್ನಷ್ಟಕ್ಕೆ ತಾನು ಹರಿಯುವುದು ಎಂದೇ ಅವರೆಲ್ಲ ತಿಳಿದಿದ್ದರು. ಗೌಡನೂ ಹಾಗೆಯೇ ತಿಳಿದಿದ್ದ. ಹಗ್ಗದ ಕೇರಿಯಲ್ಲಿ ಉಳಿದಿದ್ದ ಮುದುಕಿಯನ್ನು ಕೇಳಿದಾಗ ಗೊತ್ತಾಯಿತು. ಸೆಣಬು ಇಳಿಸುವ ಮೊದಲು ಮನೆಗೆ ಹತ್ತು ಮಾರಿನಂತೆ ಕೇರಿಯವರು ಕಾಲುವೆಯ ಜೊಂಡು ಕೊಯ್ಯುತ್ತಿದ್ದರಂತೆ, ಹೂಳು ಎತ್ತುತ್ತಿದ್ದರಂತೆ. ಕೊಯ್ದ ಜೊಂಡು ಸೆಣಬಿನ ಹೊರೆ ಮುಚ್ಚಲು ಬೇಕು. ಎತ್ತಿದ ಹೂಳು ಅದರ ಮೇಲೆ ಹೇರಲು ಬೇಕು. ಸುಲಿದ ನಾರು ತೊಳೆಯಲು ಹರಿಯುವ ನೀರು ಬೇಕು. ಯಾರೂ ಅವರಿಗೆ ಹೇಳಿರಲಿಲ್ಲ, ಯಾರೂ ಅವರನ್ನು ಹೊಗಳಿರಲಿಲ್ಲ. ಕೆರೆಯನ್ನು ಕೆಡಿಸಿದ ಕೈಯೇ ಕೆರೆಯನ್ನು ತುಂಬಿಸುತ್ತಿತ್ತು.

ನೀರು ಬಲ್ಲವನು ತಲೆ ತಗ್ಗಿಸಿಕೊಂಡು ಬಂದು ಗೌಡನಿಗೆ ಇದನ್ನು ಹೇಳಿದ. ಗೌಡನಿಗೆ ಅವನ ಮೇಲೆ ಮೊದಲಿನ ನಂಬಿಕೆ ಉಳಿಯಲಿಲ್ಲ. ನಿನಗೆ ನೀರು ಗೊತ್ತು, ಜನ ಗೊತ್ತಿಲ್ಲ ಎಂದು ಮುಖಕ್ಕೆ ಹೇಳಿ, ಜನ ಬಲ್ಲವನೊಬ್ಬನನ್ನು ಕರೆಸಿದ.

ಈ ಎರಡನೆಯವನೂ ಸಾಮಾನ್ಯನಲ್ಲ. ಸಂತೆಯಲ್ಲಿ ನಿಂತು ಮುಖ ನೋಡಿಯೇ ಇವತ್ತು ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಹೇಳುತ್ತಿದ್ದ. ಅವನು ಬಂದವನೇ ಊರನ್ನು ಸೇರಿಸಿ ಬೈದ. ಕೆರೆ ಕಾಯ್ದವರನ್ನೇ ಓಡಿಸಿದಿರಿ, ಬೋಗುಣಿಯ ಮೀನಿಗೆ ಇದ್ದ ಬೆಲೆ ಮೂವತ್ತು ಮನೆಯ ಜನಕ್ಕೆ ಇರಲಿಲ್ಲವೇ ಎಂದ. ಊರವರು ಕಣ್ಣೀರು ಹಾಕಿದರು. ನೀರು ಬಲ್ಲವನೂ ಹಾಕಿದ. ಆದರೂ ಅವನು, ಅವರು ಬರಲಿ, ಸೆಣಬು ಮಾತ್ರ ಕೆರೆಗೆ ಬೇಡ ಎಂದು ಮೆಲ್ಲಗೆ ಹೇಳಿ ನೋಡಿದ. ಅಳುವ ಜನಕ್ಕೆ ಆ ಮಾತು ಕೇಳಿಸಲಿಲ್ಲ. ಹಗ್ಗದವರನ್ನು ವಾದ್ಯದೊಂದಿಗೆ ಕರೆತಂದರು. ಅವರು ಬಂದು ಕಾಲುವೆ ಹಸನು ಮಾಡಿದರು. ಮಳೆ ಬಂತು, ಕೆರೆಗೆ ನೀರು ಬಂತು. ಕಾಲಕ್ಕೆ ಸರಿಯಾಗಿ ಅವರು ಸೆಣಬಿನ ಹೊರೆಗಳನ್ನೂ ಕೆರೆಗೆ ಇಳಿಸಿದರು.

ಹೂಳು ತುಂಬಿದ ಕೆರೆಯಲ್ಲಿ ಮೊದಲಿನಷ್ಟು ನೀರು ನಿಲ್ಲಲಿಲ್ಲ. ಇದ್ದಷ್ಟು ನೀರು ಹತ್ತು ದಿನದಲ್ಲಿ ಡಾಂಬರಿನಂತಾಯಿತು. ಆ ವರ್ಷ ಏಳು ಜನ ಸತ್ತರು. ಏಳರಲ್ಲಿ ಐವರು ಹಗ್ಗದ ಕೇರಿಯವರೇ, ಏಕೆಂದರೆ ಹೊರೆ ಮುಳುಗಿಸಿದ ಕಡೆಯಲ್ಲೇ ಅವರ ಬಿಂದಿಗೆಯೂ ಮುಳುಗುತ್ತಿತ್ತು. ಐವರಲ್ಲಿ ಮುದುಕಿಯ ಮಗಳು ಒಬ್ಬಳು. ತಾಯಿ ಇದ್ದಾಳೆ ಎಂದು ಆಸೆಯಿಂದ ಬಂದವಳು ಅವಳು.

ಅಡವಯ್ಯನ ಕೈ ನಿಂತಿತು. ಅವನಿಗೆ ಗುರುಸಿದ್ದಮ್ಮನ ಕೊನೆಯ ದಿನಗಳು ಕಣ್ಣಿಗೆ ಕಟ್ಟಿದವು. ಹಾಗಾದರೆ ಇಬ್ಬರೂ ಅಯೋಗ್ಯರೇ ಎಂದು ಗೊಣಗಿದ. ಅಯ್ಯನವರು, ಅವರೂ ಒಬ್ಬರನ್ನೊಬ್ಬರು ಅದನ್ನೇ ಅಂದರು ಎಂದು ನಕ್ಕರು. ನಗು ಬಹಳ ಹೊತ್ತು ಅವರ ಮುಖದಲ್ಲಿ ನಿಲ್ಲಲಿಲ್ಲ.

ಏಳು ಹೆಣ ಹೋದ ಮೇಲೆ ಆ ಇಬ್ಬರು ಕೆರೆ ಏರಿಯ ಮೇಲೆ ನಿಂತು ಕಚ್ಚಾಡಿದರು. ನಿನ್ನ ಮೀನಿನ ಲೆಕ್ಕದಿಂದ ಕೇರಿ ಬರಿದಾಯಿತು ಎಂದು ಇವನು. ನಿನ್ನ ಕಣ್ಣೀರಿನಿಂದ ಜನ ಸತ್ತರು ಎಂದು ಅವನು. ಇಬ್ಬರ ಮಾತೂ ನಿಜ. ಅದರಿಂದಲೇ ಜಗಳ ಮುಗಿಯುವ ಹಾಗಿರಲಿಲ್ಲ. ಇತ್ತ ಊರಿನ ಹುಡುಗರು ಹಗ್ಗದ ಕೇರಿಗೆ ಕಲ್ಲು ತೂರಲು ಶುರುಮಾಡಿದ್ದರು. ಕೇರಿಯವರು ಮತ್ತೆ ರಾಟೆ ಬಿಚ್ಚುತ್ತಿದ್ದರು. ಗೌಡ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ.

ಜಗಳವಾಡಿ ಸುಸ್ತಾಗಿ ಇಬ್ಬರೂ ಮುದುಕಿಯ ಮನೆ ಹೊಕ್ಕರು. ಮಗಳು ಸತ್ತ ಮನೆಗೆ ಹೋಗಿ ಎರಡು ಮಾತು ಆಡಿ ಬರಬೇಕಲ್ಲ, ಅದಕ್ಕೆ ಹೋದದ್ದು. ಮುದುಕಿ ಅವರನ್ನು ಚಾಪೆಯ ಮೇಲೆ ಕೂರಿಸಿದಳು. ಅವಳು ಅಳುತ್ತಿರಲಿಲ್ಲ. ಮೊದಲು ನೀರು ಬಲ್ಲವನ ಕಡೆ ತಿರುಗಿದಳು.

“ನೀವು ನೀರಿಗೆ ಏನಾಯ್ತು ಅಂತ ಕೇಳಿದ್ರಿ. ಇವ್ರು ನಮಗೆ ಏನಾಯ್ತು ಅಂತ ಕೇಳಿದ್ರು. ನಮ್ಮ ಸೆಣಬು ಕೆರೆಗೆ ಯಾಕೆ ಬಂತು ಅಂತ ಇಬ್ರೂ ಕೇಳ್ನಿಲ್ವಲ್ಲ ಸ್ವಾಮಿ.”

ಯಾಕೆ ಬಂತವ್ವ ಎಂದು ನೀರು ಬಲ್ಲವನು ಕೇಳಿದ.

“ನಾನು ಮದುವೆಯಾಗಿ ಬಂದಾಗ ಏರಿ ಕೆಳಗೆ ಹನ್ನೆರಡು ಗುಂಡಿ ಇದ್ವು. ತೂಬಿನ ಜಿನುಗು ನೀರಲ್ಲೇ ತುಂಬ್ಕಳವು. ನಾರೆಲ್ಲ ಅಲ್ಲೇ ಕೊಳೀತಿತ್ತು, ಕೆರೆಗೆ ಒಂದು ಎಳೆ ಬರ್ತಿರ್ಲಿಲ್ಲ. ಈಗಿನ ಗೌಡರ ತಾತ ಆ ಮಣ್ಣು ನೋಡಿದ್ರು. ಕಾಡಿಗೆ ಹಂಗಿತ್ತು. ಇಷ್ಟು ದೊಡ್ಡ ಕೆರೆ ಐತೆ, ನಿಮಗೆ ಗುಂಡಿ ಯಾಕ್ರೋ ಅಂದ್ರು. ಮನೆಗೊಂದು ಸೀರೆ ಕೊಟ್ಟು ಗುಂಡಿ ಮುಚ್ಚಿ ಗದ್ದೆ ಮಾಡ್ಕಂಡ್ರು. ನಾವು ಕೆರೆಗೆ ಬಂದ್ವಿ. ಆವಾಗ ಕೆರೆ ದೊಡ್ಡದು, ಗೊತ್ತಾಗ್ಲಿಲ್ಲ. ಗೊತ್ತಾಗೋ ಹೊತ್ತಿಗೆ ನನ್ನ ಬಿಟ್ಟು ಗುಂಡಿ ಕಂಡೋರೆಲ್ಲ ಸತ್ತಿದ್ರು. ಕೆರೆ ಕೆಡ್ಸೋದು ಹಗ್ಗದವರ ಗುಣ ಅಂತ ಊರು ಹೇಳ್ತು. ಕಡೆಗೆ ನಮ್ಮ ಹುಡುಗ್ರೂ ಹಂಗೇ ನಂಬ್ಕಂಡ್ರು.”

ಮೊದಲೇ ಏಕೆ ಹೇಳಲಿಲ್ಲ ಎಂದು ಜನ ಬಲ್ಲವನು ಕೇಳಿದ. ಕೇಳಿದವನಿಗೇ ಉತ್ತರ ಗೊತ್ತಿತ್ತು. ಇಬ್ಬರೂ ಇಳಿದುಕೊಂಡಿದ್ದು ಯಾರ ಮನೆಯಲ್ಲಿ? ಗೌಡನ ಮನೆಯಲ್ಲಿ ಇಳಿದವರ ಮುಂದೆ ಗೌಡನ ಗದ್ದೆಯ ಮಾತನ್ನು ಯಾವ ಮುದುಕಿ ಎತ್ತುತ್ತಾಳೆ? ಮಗಳು ಹೋದ ಮೇಲೆ ಅವಳಿಗೆ ಕಳೆದುಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ, ಅದಕ್ಕೆ ಹೇಳಿದಳು.

ಇಬ್ಬರೂ ಏರಿ ಇಳಿದು ಗದ್ದೆಗೆ ಹೋದರು. ಕೊಯ್ಲು ಮುಗಿದಿತ್ತು. ನೀರು ಬಲ್ಲವನು ಹಾರೆಯಿಂದ ಒಂದು ಮೊಳ ಅಗೆದ. ಕಪ್ಪು ಮಣ್ಣು ಬಂತು, ಮಣ್ಣಿನೊಳಗೆ ಕೊಳೆತ ಸೆಣಬಿನ ಎಳೆಗಳು ಬಂದವು. ಅವನು ಅದನ್ನು ಅಂಗೈಯಲ್ಲಿ ಹಿಡಿದು ನೋಡಿದ. ತಾನು ಎರಡು ಸಲ ಹಾಕಿಸಿಕೊಂಡು ಉಂಡ ಅನ್ನದ ರುಚಿ ಇಲ್ಲಿಂದ ಬಂದದ್ದು. ಯಾವ ಗದ್ದೆಯದು ಎಂದು ಅವತ್ತು ಕೇಳಿಯೂ ಇದ್ದ, ಆದರೆ ಗದ್ದೆಗೂ ಕೆರೆಗೂ ನಡುವೆ ಬರಿಯ ಏರಿಯನ್ನು ಕಂಡಿದ್ದ.

ಅವತ್ತು ಮೊದಲ ಸಲ ಅವರಿಬ್ಬರು ಕೂಡಿ ಕೆಲಸ ಮಾಡಿದರು. ಗುಂಡಿ ಮತ್ತೆ ತೆಗೆದರೆ ತೂಬಿನ ಜಿನುಗು ಸಾಕಾಗುತ್ತದೆಯೇ, ಕೊಳೆತ ನೀರು ಎತ್ತ ಇಳಿಯುತ್ತದೆ, ಕುಡಿಯುವ ನೀರಿಗೆ ತಾಗುತ್ತದೆಯೇ ಎಂದು ಒಬ್ಬ ಅಳೆದ. ನೀರು ಸಾಕಿತ್ತು, ಅದು ಕೆಳಗಿನ ಗದ್ದೆಗಳಿಗೆ ಗೊಬ್ಬರವಾಗಿ ಇಳಿಯುತ್ತಿತ್ತು, ಯಾರ ಬಾಯಿಗೂ ಹೋಗುತ್ತಿರಲಿಲ್ಲ. ಇದರಿಂದ ಯಾರಿಗೆ ನಷ್ಟ, ಯಾರು ಯಾರಿಗೆ ಏನು ಬಿಟ್ಟುಕೊಡಬೇಕು, ಯಾರು ಮೊದಲು ಬಾಯಿ ಬಿಟ್ಟರೆ ಊರು ಒಡೆಯುವುದಿಲ್ಲ ಎಂದು ಇನ್ನೊಬ್ಬ ಅಳೆದ. ನಷ್ಟ ಒಂದೇ ಮನೆಗೆ. ಹೇಳಬೇಕಾದದ್ದು ಒಂದೇ ಮಾತು. ಅದನ್ನು ಕೇಳಬೇಕಾದವನು ಒಬ್ಬನೇ.

ಅಷ್ಟರಲ್ಲಿ ಊಟಕ್ಕೆ ಕರೆ ಬಂತು. ಇಬ್ಬರೂ ಗೌಡನ ಮನೆಗೆ ಹೋಗಿ ಕೈಕಾಲು ತೊಳೆದು ಎಲೆಯ ಮುಂದೆ ಕುಳಿತರು. ಗೌಡ ಸೊರಗಿಹೋಗಿದ್ದ. ಆದರೂ ತಾನೇ ನಿಂತು ಬಡಿಸಿದ. ಮಾತಾಡಲು ಬಾಯಿ ಬಲ್ಲವನು ಜನ ಬಲ್ಲವನು, ಆದರೆ ಗುಂಡಿ ಕೆಲಸ ಮಾಡುತ್ತದೆ ಎಂದು ಆಣೆ ಇಡಬಲ್ಲವನು ನೀರು ಬಲ್ಲವನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಎಲೆಯ ಮೇಲೆ ಕೆಂಪು ಅನ್ನ ಬಿದ್ದಿತ್ತು, ಅದರಿಂದ ಹಬೆ ಏಳುತ್ತಿತ್ತು. ಹೊರಗೆ ಬೀದಿಯಲ್ಲಿ ಹಗ್ಗದವರ ಮೊದಲನೆಯ ಗಾಡಿ ಹೊರಟಿತ್ತು.

ಇಷ್ಟು ಹೇಳಿ ಅಯ್ಯನವರು ಕತೆ ನಿಲ್ಲಿಸಿದರು. ಹಚ್ಚಿದ ಎಲೆಗಳನ್ನು ಒಂದರ ಮೇಲೊಂದು ಜೋಡಿಸಿದರು.

ಅಡವಯ್ಯ ಕಾದ. ಅವನು ಚಡಪಡಿಸಿದ. ಬಾಗಿಲಲ್ಲಿದ್ದ ಹಿರಿಯರು ಈಗ ಎದ್ದು ನಿಂತಿದ್ದರು, ಒಬ್ಬ ಒಳಗೆ ಇಣುಕಿಯೂ ನೋಡಿದ. ಅಡವಯ್ಯ ಅವರಿಗೆ ಕೈಯಲ್ಲೇ ತಾಳಿ ಎಂದು ಸನ್ನೆ ಮಾಡಿದ.

ಅವರು ಹೇಳಿದರೇ, ಗೌಡ ಗದ್ದೆ ಬಿಟ್ಟನೇ ಎಂದು ಅವನು ಕೇಳಿದ. ತಾನು ಕೇಳಿದ ಕತೆ ಅಲ್ಲಿಗೇ ನಿಂತಿದೆ ಎಂದು ಅಯ್ಯನವರು ಹೇಳಿದರು. ಅಡವಯ್ಯನಿಗೆ ರೇಗಿತು. ಇದೆಂಥ ಕತೆ, ಕಾಯಿಲೆ ಹೇಳಿ ಮದ್ದು ಹೇಳದ ಹಾಗೆ ಎಂದ. ಗೌಡ ಒಳ್ಳೆಯವನಾದರೆ ಅವನಿಗೆ ಹೇಳುವುದಕ್ಕೆ ಅಂಜಿಕೆ ಏಕೆ ಎಂದ. ಅವನ ತಾತ ಮಾಡಿದ್ದಕ್ಕೆ ಅವನು ಏಕೆ ತಲೆ ತಗ್ಗಿಸಬೇಕು, ಆದರೆ ತಿಳಿದ ಮೇಲೂ ಸುಮ್ಮನೆ ಉಣ್ಣುತ್ತಾ ಕುಳಿತರೆ ಆಗ ತಪ್ಪು ಅವನದೇ ಎಂದ. ಬೇರೆಯವರ ಮೇಲೆ ಕಲ್ಲು ಬೀಳುತ್ತಿರುವಾಗ ಬಾಯಿ ಮುಚ್ಚಿಕೊಂಡವನನ್ನು ಒಳ್ಳೆಯವನೆನ್ನಲು ತನ್ನಿಂದಾಗದು ಎಂದ. ಅವನ ದನಿ ಏರಿತ್ತು. ಅಯ್ಯನವರ ಬೆರಳುಗಳು ಹಚ್ಚಿದ ಎಲೆಯ ಅಂಚನ್ನು ಸವರುತ್ತಿದ್ದವು.

“ನಾನಾಗಿದ್ದರೆ ಅನ್ನಕ್ಕೆ ಕೈ ಹಾಕುವ ಮೊದಲೇ ಹೇಳುತ್ತಿದ್ದೆ. ಎದುರಿಗೆ ಯಾರೇ ಇರಲಿ.”

ಅಯ್ಯನವರು ಸೊಂಟದ ಚೀಲದಿಂದ ಮಠದ ಮುದ್ರೆಯನ್ನು ತೆಗೆದು ಅಡವಯ್ಯನ ಕಾಗದದ ಮೇಲೆ ಇಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟು ಕೈ ಹಿಂದೆ ತೆಗೆದುಕೊಂಡರು.

“ಬಣ್ಣಗಾರರು ಮೊದಲು ಬಾನಿಯ ನೀರು ಚೆಲ್ಲುತ್ತಿದ್ದ ಗುಂಡಿಗಳನ್ನು ಮುಚ್ಚಿಸಿ, ಅಲ್ಲಿ ಮಠದ ಹೂದೋಟ ಹಾಕಿಸಿದವನು ನಾನೇ. ಈಗ ಹೇಳು.”